ಗೊರ್ಬಾತೋವ್ ಅನ್ನೋ ರಷ್ಯಾದ ಜನರಲ್ ಯಾರು? ಮುತ್ಯಾನ ನೋಟ್‌ಬುಕ್ಕಿನಲ್ಲಿ ಹೆಸರು ಸಿಕ್ಕಿದೆ

ಶಹಾಬಾದಿ ಪರಸಿ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡ್ರಿ.

ನಮ್ಮದು ಶಹಾಬಾದ್. ಹೋದ ವಾರ ಹಳೆ ಮನೆ ಮಾಳಿಗೆ ಸೋರುತ್ತದೆ ಅಂತ ಒಳಗಿನ ಸಾಮಾನೆಲ್ಲ ಅಂಗಳಕ್ಕೆ ಹಾಕಿದೆವು. ಆಗ ಮುತ್ಯಾನ ತಗಡಿನ ಟ್ರಂಕು ಹೊರಗೆ ಬಂತು. ಮುತ್ಯಾ ತೀರಿಕೊಂಡು ಹನ್ನೊಂದು ವರ್ಷ ಆಯ್ತು, ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಒಳಗೆ ಯೂನಿಯನ್ನಿನ ರಸೀದಿ ಪುಸ್ತಕ, ಒಂದು ಕೆಂಪು ಟವೆಲ್, ಕಾಲು ಮುರಿದ ಕನ್ನಡಕ, ಮತ್ತೆ ಗೆದ್ದಲು ಹಿಡಿದ ಸೋವಿಯತ್ ಪುಸ್ತಕಗಳು. ಆ ಕಾಲದಲ್ಲಿ ರಷ್ಯಾದ ಪುಸ್ತಕ ಕನ್ನಡದಲ್ಲೇ ಸಿಗುತ್ತಿದ್ದವು, ಹಾಳೆ ಚೆಂದ, ಬೆಲೆ ಅಗ್ಗ. ನಿಮ್ಮ ಮನೆಗಳಲ್ಲೂ ಒಂದೆರಡು ಇರಬಹುದು ನೋಡ್ರಿ.

ಅದರ ಜೊತೆ ಮುತ್ಯಾನ ಒಂದು ನೋಟ್‌ಬುಕ್ ಇತ್ತು. ಜಾಸ್ತಿ ಇರೋದು ಲೆಕ್ಕ. ಜೋಳ ಎಷ್ಟು, ಕಿರಾಣಿ ಅಂಗಡಿ ಉದ್ರಿ ಎಷ್ಟು, ಅಪ್ಪನ ಫೀಸು ಎಷ್ಟು. ನಡುವೆ ಒಂದು ಪುಟದಲ್ಲಿ ಲೆಕ್ಕ ಇಲ್ಲ, ಬರೀ ಒಂದು ಸಾಲು.

"ಗೊರ್ಬಾತೋವ್. ದಸ್ಕತ್ತು ಹಾಕಲಿಲ್ಲ."

ಅದರ ಕೆಳಗೆ ಎರಡು ಗೆರೆ, ಹಾಳೆ ಹರಿಯುವ ಹಾಗೆ ಒತ್ತಿ ಎಳೆದದ್ದು. ಮುಂದಿನ ಪುಟದಲ್ಲಿ ಮತ್ತೆ ಸೀಮೆಎಣ್ಣೆ ಲೆಕ್ಕ.

ನೆಟ್‌ನಲ್ಲಿ ಹುಡುಕಿದೆ. ಅಲೆಕ್ಸಾಂಡರ್ ವಾಸಿಲ್ಯೆವಿಚ್ ಗೊರ್ಬಾತೋವ್, 1891ರಿಂದ 1973, ಸೋವಿಯತ್ ಆರ್ಮಿ ಜನರಲ್, ಬರ್ಲಿನ್ ಕಮಾಂಡೆಂಟ್ ಆಗಿದ್ದವನು ಅಂತ ಬಂತು. ಆದರೆ ದಸ್ಕತ್ತು ಏನು, ಯಾವುದಕ್ಕೆ, ಯಾರು ಕೇಳಿದ್ದು? ಮತ್ತೊಂದು. 1938ರಲ್ಲಿ ಅವರದೇ ಸರ್ಕಾರ ಇವನನ್ನು ಜೈಲಿಗೆ ಹಾಕಿತು, 1941ರಲ್ಲಿ ಬಿಟ್ಟಿತು, ಅದೇ ವರ್ಷ ಅದೇ ಸರ್ಕಾರಕ್ಕಾಗಿ ಯುದ್ಧಕ್ಕೆ ಹೋದ ಅಂತಲೂ ಇದೆ. ಇದು ನನ್ನ ತಲೆಗೆ ಹೋಗುತ್ತಿಲ್ಲ. ನನ್ನನ್ನು ಯಾರಾದರೂ ಎರಡೂವರೆ ವರ್ಷ ಸುಮ್ನೆ ಒಳಗೆ ಹಾಕಿದ್ದರೆ ನಾನು ಅವರ ಓಣಿಗೆ ಕಾಲಿಡುತ್ತಿರಲಿಲ್ಲ.

ಗೊತ್ತಿದ್ದವರು ಹೇಳ್ರಿ. ಮಿಲಿಟರಿ ಮಂದಿ ಇಲ್ಲಿ ಇದ್ದಾರೆ ಅಂತ ಗೊತ್ತು.

ಬೀದರ್ ಸುಬೇದಾರ್:

ತಮ್ಮಾ, ಮೊದಲು ಆ ಟ್ರಂಕು ಗುಜರಿಗೆ ಹಾಕಬೇಡ. ಬಿಸಿಲಿಗೆ ಒಣಗಿಸಿ ಬೇವಿನ ಎಲೆ ಹಾಕಿಡು.

ನಾನು ತೋಪಖಾನೆಯಲ್ಲಿ 28 ವರ್ಷ ಇದ್ದು ಬಂದವನು. ನಮ್ಮ ರೆಜಿಮೆಂಟಿನ ಲೈಬ್ರರಿಯಲ್ಲಿ ಈ ಸಾಹೇಬರ ಆತ್ಮಕಥೆ ಇಂಗ್ಲಿಷಿನದ್ದು ಇತ್ತು, ರಟ್ಟು ಹರಿದದ್ದು, ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದು ಚಳಿಗಾಲ ಪೂರ್ತಿ ಹಿಡಿಯಿತು ಓದಲು.

ರ‍್ಯಾಂಕಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ತಪ್ಪುತ್ತಾರೆ. "ಆರ್ಮಿ ಜನರಲ್" ಅಂದರೆ ಆರ್ಮಿಯಲ್ಲಿರುವ ಯಾವುದೋ ಒಬ್ಬ ಜನರಲ್ ಅಂತ ಅಲ್ಲ. ಅದೇ ಒಂದು ರ‍್ಯಾಂಕು. ಅವರಲ್ಲಿ ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಕರ್ನಲ್ ಜನರಲ್, ಅದರ ಮೇಲೆ ಆರ್ಮಿ ಜನರಲ್, ಅದರ ಮೇಲೆ ಮಾರ್ಷಲ್. ನಮ್ಮ ಲೆಕ್ಕದಲ್ಲಿ ಕಾರ್ಯಪ್ಪನವರು 1953ರಲ್ಲಿ ನಿವೃತ್ತಿ ಆದಾಗ ಇದ್ದ ಪೂರ್ತಿ ಜನರಲ್ ಅನ್ನೋದಕ್ಕೆ ಹತ್ತಿರ ಅಂದುಕೋ. ಗೊರ್ಬಾತೋವ್ ಸಾಹೇಬರಿಗೆ ಅದು ಸಿಕ್ಕಿದ್ದು 1955ರಲ್ಲಿ, ಯುದ್ಧ ಮುಗಿದು ಹತ್ತು ವರ್ಷ ಆದ ಮೇಲೆ. ಯುದ್ಧ ಮುಗಿಯುವಾಗ ಅವರು ಕರ್ನಲ್ ಜನರಲ್.

ಹುಟ್ಟಿದ್ದು ಪಖೋತಿನೊ ಅನ್ನೋ ಹಳ್ಳಿ, ಈಗಿನ ಇವಾನೊವೊ ಕಡೆ. ಒಕ್ಕಲುತನದ ಮನೆ, ತುಂಬಾ ಮಕ್ಕಳು, ಹೊಟ್ಟೆಗೆ ಕಷ್ಟ. ಹುಡುಗನಿದ್ದಾಗಲೇ ಶೂಯಾ ಅನ್ನೋ ಊರಿನಲ್ಲಿ ಚಪ್ಪಲಿ ಬೂಟು ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಸೇರಿದರು. ಅಲ್ಲಿರುವಾಗಲೇ ಕುಡಿತದ ಗತಿ ಕಣ್ಣಾರೆ ಕಂಡು, ಕುಡಿಯಲ್ಲ, ಸೇದಲ್ಲ, ಕೆಟ್ಟ ಮಾತು ಆಡಲ್ಲ ಅಂತ ಆಣೆ ಹಾಕಿಕೊಂಡರು. ಮೊದಲೆರಡು ಇರಲಿ. ಫೌಜಿನಲ್ಲಿದ್ದು ಬೈಗುಳ ಇಲ್ಲದೆ ಇರೋದು ಅಂದರೆ ಏನು ಅಂತ ಫೌಜಿನಲ್ಲಿ ಇದ್ದವರಿಗೇ ಗೊತ್ತು. ನನ್ನಿಂದ ಒಂದು ದಿನ ಆಗಿಲ್ಲ.

1912ರಲ್ಲಿ ಜಾರ್ ಸೇನೆಗೆ ಭರ್ತಿ. ಸವಾರರ ಪಡೆ, ಚೆರ್ನಿಗೋವ್ ಹುಸಾರ್ ರೆಜಿಮೆಂಟು, ಇದ್ದದ್ದು ಒರ್ಯೋಲ್ ಪಟ್ಟಣದಲ್ಲಿ. ಈ ಊರಿನ ಹೆಸರು ನೆನಪಿಡು, ಮುಂದೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಸಿಪಾಯಿ. 1919ರಲ್ಲಿ ಕೆಂಪು ಸೇನೆ, ಅಂದರೆ ಕಮ್ಯುನಿಸ್ಟರ ಸೇನೆ, ಸೇರಿದರು, ಮುಂದಿನ ವರ್ಷದ ಹೊತ್ತಿಗೆ ಬ್ರಿಗೇಡ್ ನಡೆಸುತ್ತಿದ್ದರು. ಆಗಿನ ಕಾಲ ಹಾಗೆ, ಕಲಿತವರು ಕಡಿಮೆ, ಸತ್ತವರು ಜಾಸ್ತಿ, ಬದುಕಿ ಉಳಿದವನು ಮೇಲೆ ಹೋಗುತ್ತಿದ್ದ. ಆಮೇಲೆ ಹದಿನೇಳು ಹದಿನೆಂಟು ವರ್ಷ ಕುದುರೆ ಜೊತೆಗೇ ಜೀವನ. 1930ರ ದಶಕದಲ್ಲಿ ತುರ್ಕಮೆನಿಸ್ತಾನದ ಬೆಟ್ಟ ಸವಾರರ ಡಿವಿಜನ್, ಆಮೇಲೆ ಉಕ್ರೇನಿನಲ್ಲಿ ಮತ್ತೊಂದು ಡಿವಿಜನ್.

1938ರ ಅಕ್ಟೋಬರಿನಲ್ಲಿ ಹಿಡಿದರು. ಆ ಭಾಗ ಬೇರೆ ಯಾರಾದರೂ ಬರೆಯಲಿ. ನಾನು ಓದುವಾಗ ಎರಡು ಸಲ ಪುಸ್ತಕ ಮುಚ್ಚಿಟ್ಟಿದ್ದೆ.

ಯುದ್ಧದ ವಿಷಯ ನಾಳೆ ಬರೆಯುತ್ತೇನೆ, ಕಣ್ಣು ಉರಿಯುತ್ತಿದೆ.

ಭೀಮಾ ದಂಡೆ ಟೀಚರ್:

ನಾನು ಯಾದಗಿರಿಯಿಂದ. ಇತಿಹಾಸ ಪಾಠ ಮಾಡುತ್ತೇನೆ. ಸುಬೇದಾರ್ ಸಾಹೇಬ್ರು ಬಿಟ್ಟ ಭಾಗ ನಾನು ಹೇಳುತ್ತೇನೆ, ಯಾಕಂದರೆ ನಿಮ್ಮ ಮುತ್ಯಾನ ಸಾಲು ಇರೋದು ಅಲ್ಲೇ.

ಮೊದಲು ಹಿನ್ನೆಲೆ. 1937ರಲ್ಲಿ ಸ್ಟಾಲಿನ್ ತನ್ನದೇ ಸೇನೆಯ ಮೇಲೆ ಬಿದ್ದ. ಆಗ ಇದ್ದ ಮಾರ್ಷಲ್‌ಗಳು 5 ಜನ. ಅದರಲ್ಲಿ 3 ಜನ ಸತ್ತರು, ತುಖಾಚೆವ್‌ಸ್ಕಿ ಮತ್ತು ಯೆಗೊರೋವ್ ಗುಂಡಿಗೆ, ಬ್ಲೂಖೆರ್ ಜೈಲಿನ ಹೊಡೆತಕ್ಕೆ. ಉಳಿದವರು ವೊರೊಶಿಲೋವ್ ಮತ್ತು ಬುದ್ಯೋನಿ. ಕೆಳಗಿನ ಅಧಿಕಾರಿಗಳು ಸಾವಿರಗಟ್ಟಲೆ. ಎಲ್ಲರ ಮೇಲೂ ಒಂದೇ ಆರೋಪ: ನೀನು ಜನರ ಶತ್ರು, ಸಂಚು ಮಾಡಿದ್ದೀಯ. ಪುರಾವೆ ಏನು? ಪುರಾವೆ ಅಂದರೆ ನಿನ್ನದೇ ತಪ್ಪೊಪ್ಪಿಗೆ. ಅದಕ್ಕೇ ಸಹಿ ಬೇಕಾಗಿತ್ತು. ಆ ಕಾಗದದಲ್ಲಿ ನಿನ್ನ ಹೆಸರೊಂದೇ ಇರುವುದಿಲ್ಲ, ಇನ್ನೂ ನಾಲ್ಕು ಜನರ ಹೆಸರು ಇರುತ್ತದೆ. ನೀನು ಸಹಿ ಹಾಕಿದರೆ ನಾಳೆ ಅವರನ್ನು ಎಳೆದು ತರುತ್ತಾರೆ, ಅವರ ಕಾಗದದಲ್ಲಿ ಮತ್ತೆ ನಾಲ್ಕು. ಒಂದು ದಸ್ಕತ್ತಿನಿಂದ ಇಡೀ ಓಣಿ ಖಾಲಿ.

(ದಸ್ಕತ್ತು ಅನ್ನೋ ಮಾತು ನಮ್ಮ ಕಡೆ ಈಗ ಕಡಿಮೆ ಆಗಿದೆ ಅಲ್ವಾ. ನಮ್ಮ ಅಪ್ಪ ಹೇಳುತ್ತಿದ್ದರು, ಸಹಿ ಅಂದರೆ ಬ್ಯಾಂಕಿನದು, ದಸ್ಕತ್ತು ಅಂದರೆ ಕೋರ್ಟು, ಪೊಲೀಸು, ಸಾಹುಕಾರ. ನಿಜಾಮರ ಕಾಲದ ಭಯ ಆ ಮಾತಿನಲ್ಲೇ ಇದೆ. ನಿಮ್ಮ ಮುತ್ಯಾ ಸಹಿ ಅಂತ ಬರೆಯಲಿಲ್ಲ ನೋಡ್ರಿ.)

ಗೊರ್ಬಾತೋವ್‌ನನ್ನು ಮಾಸ್ಕೋದಲ್ಲಿ ಹಿಡಿದು ಮೊದಲು ಲುಬ್ಯಾಂಕಾ ಜೈಲಿಗೆ ಹಾಕಿದರು. ಅಲ್ಲಿ ಕೋಣೆಯಲ್ಲಿ ಇದ್ದವರು ಎಲ್ಲರೂ ಓದಿದವರು, ದೊಡ್ಡ ಹುದ್ದೆಯವರು. ಎಲ್ಲರೂ ಆಗಲೇ ಸಹಿ ಹಾಕಿದ್ದರು. ಅವರು ಇವನಿಗೆ ಹೇಳಿದ್ದು ಒಂದೇ: ಹೇಗೂ ಹಾಕಲೇಬೇಕು, ಹೊಡೆತ ತಿಂದು ಯಾಕೆ ಹಾಕುತ್ತೀಯ, ಮೊದಲೇ ಹಾಕಿಬಿಡು. ಇವನು ಹಾಕಲಿಲ್ಲ. ಆಮೇಲೆ ಲೆಫೋರ್ತೊವೊ ಜೈಲು. ಅಲ್ಲಿ ಹೊಡೆತದ ವಿಚಾರಣೆ ಐದು ಸಲ, ಎರಡು ಮೂರು ದಿನ ಬಿಟ್ಟು ಬಿಟ್ಟು. ಕೆಲವು ಸಲ ಕೋಣೆಗೆ ಸ್ಟ್ರೆಚರ್ ಮೇಲೆ ಹೊತ್ತು ತಂದರು. ಇಪ್ಪತ್ತು ದಿನ ಸುಮ್ಮನೆ ಬಿಟ್ಟರು, ಉಸಿರು ಬರಲಿ ಅಂತ. ಮತ್ತೆ ಶುರು. ಸಾವು ಬಂದರೆ ಸಾಕು ಅನಿಸಿತ್ತು ಅಂತ ಅವನೇ ಬರೆದಿದ್ದಾನೆ. ಆದರೂ ಹಾಕಲಿಲ್ಲ. ತನ್ನ ಮೇಲೂ ಬರೆಯಲಿಲ್ಲ, ಬೇರೆಯವರ ಮೇಲೂ ಬರೆಯಲಿಲ್ಲ.

1939ರ ಮೇ ತಿಂಗಳಲ್ಲಿ ಕೋರ್ಟು. ಇವನು ಅಲ್ಲಿಗೆ ಹೋಗುವಾಗ ಬಿಡುಗಡೆ ಗ್ಯಾರಂಟಿ ಅಂದುಕೊಂಡು ಹೋದನಂತೆ, ತಾನು ಏನೂ ಒಪ್ಪಿಕೊಂಡಿಲ್ಲವಲ್ಲ. ವಿಚಾರಣೆ ನಾಲ್ಕೈದು ನಿಮಿಷ ನಡೆಯಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು. ಶಿಕ್ಷೆ 15 ವರ್ಷ, ಅದರ ಮೇಲೆ 5 ವರ್ಷ ಯಾವ ಹಕ್ಕೂ ಇಲ್ಲ.

ಇಲ್ಲಿ ಒಂದು ಮಾತು. ಸಹಿ ಹಾಕದೆ ಇದ್ದದ್ದಕ್ಕೆ ಕೋರ್ಟು ಬಿಡಲಿಲ್ಲ. ಆ ದಿನದ ಮಟ್ಟಿಗೆ ಅವನ ಹಟ ದಂಡ. ಆದರೆ ಆಮೇಲೆ ಫೈಲು ಮತ್ತೆ ತೆರೆದಾಗ ಅದರಲ್ಲಿ ಅವನ ಕೈಬರಹದ ತಪ್ಪೊಪ್ಪಿಗೆ ಇರಲಿಲ್ಲ ಅಲ್ವಾ, ಅದು ಕೆಲಸಕ್ಕೆ ಬಂತು ಅಂತ ನನ್ನ ಅನಿಸಿಕೆ.

ಮುಂದೆ ರೈಲಿನಲ್ಲಿ ವ್ಲಾದಿವೊಸ್ತೊಕ್, ಅಲ್ಲಿಂದ ಹಡಗಿನಲ್ಲಿ ಮಗದಾನ್, ಅಂದರೆ ಕೊಲಿಮಾ ಅನ್ನೋ ಚಳಿ ಸೀಮೆಯ ಬಂದರು. ಹಡಗಿನಲ್ಲಿ ಕಳ್ಳ ಕೈದಿಗಳು ಇವನ ಎದೆಗೆ ಗುದ್ದಿ, ತಲೆ ಕೆಳಗೆ ಇಟ್ಟುಕೊಂಡಿದ್ದ ಬೂಟು ಕಿತ್ತುಕೊಂಡು ಹೋದರು. ಉಳಿದ ಕಳ್ಳ ಕೈದಿಗಳು ನೋಡಿ ನಕ್ಕರು. ಡಿವಿಜನ್ ಕಮಾಂಡರ್ ಆಗಿದ್ದವನು, ಚಿಕ್ಕಂದಿನಲ್ಲಿ ಬೂಟಿನ ಅಂಗಡಿಯಲ್ಲಿ ದುಡಿದವನು, ತನ್ನ ಬೂಟು ಕಳಕೊಂಡು ಕೊಲಿಮಾಕ್ಕೆ ಇಳಿದ. ಮಗದಾನಿನಿಂದ 600 ಕಿಲೋಮೀಟರಿಗೂ ದೂರ ಮಾಲ್ದ್ಯಾಕ್ ಅನ್ನೋ ಚಿನ್ನದ ಗಣಿ, ಅಲ್ಲಿಗೆ ಹಾಕಿದರು.

ಉದ್ದ ಆಯ್ತು. ನಾಳೆ ಟೆಸ್ಟ್ ಪೇಪರ್ ನೋಡೋದಿದೆ.

ಹಟ್ಟಿ ಸೊಸೆ:

ಚಿನ್ನದ ಗಣಿ ಅಂದ ತಕ್ಷಣ ನಿಂತೆ. ನನ್ನ ತವರು ಸುರಪುರ, ಕೊಟ್ಟಿದ್ದು ಹಟ್ಟಿಗೆ. ಮಾವನವರು ಗಣಿಯಲ್ಲಿ ಇಳಿಯುತ್ತಿದ್ದವರು. ನಮ್ಮಲ್ಲಿ ಕೆಳಗೆ ಹೋದಷ್ಟೂ ಸೆಕೆ, ಬನಿಯನ್ ಹಿಂಡಿದರೆ ನೀರು. ಆ ಕೊಲಿಮಾದಲ್ಲಿ ಹೇಗೆ, ಹಿಮದಲ್ಲಿ ಅಗೆಯೋದಾ?

ಭೀಮಾ ದಂಡೆ ಟೀಚರ್:

ಹೌದಕ್ಕ, ಅಲ್ಲಿ ಮಣ್ಣೇ ಮಂಜುಗಡ್ಡೆ. ಬೇಸಿಗೆಯಲ್ಲಿ ಮೇಲಿನ ಒಂದು ಪದರ ಕರಗುತ್ತದೆ, ಕೆಳಗೆ ವರ್ಷಪೂರ್ತಿ ಕಲ್ಲಿನ ಹಾಗೆ ಗಟ್ಟಿ. ಚಳಿಗಾಲದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಹೋಗುತ್ತದೆ. ನಮ್ಮ ಮೇ ತಿಂಗಳ 44ರಿಂದ ಕೆಳಗೆ ಎಣಿಸುತ್ತಾ ಹೋಗ್ರಿ, ತೊಂಬತ್ತಕ್ಕೂ ಜಾಸ್ತಿ ಮೆಟ್ಟಿಲು. ಅಲ್ಲಿ ಸುರಂಗದ ಒಳಗಿನ ಕಷ್ಟದ ಕೆಲಸ ಗೊರ್ಬಾತೋವ್‌ನಂಥ ರಾಜಕೀಯ ಕೈದಿಗಳಿಗೆ. ಕೊಲೆ, ಕಳ್ಳತನ ಮಾಡಿ ಬಂದವರು ಮೇಲೆ ದರ್ಬಾರು ಮಾಡಿಕೊಂಡು ಇವರ ಊಟ ತಿನ್ನುತ್ತಿದ್ದರು. ಕಾಯಿಪಲ್ಲೆ ಇಲ್ಲ, ಹಣ್ಣಿಲ್ಲ, ಅದಕ್ಕೆ ಸ್ಕರ್ವಿ ರೋಗ ಬಂತು. ಕಾಲು ಬಾತವು, ಹಲ್ಲು ಅಲುಗಾಡತೊಡಗಿದವು. ಅಲ್ಲೇ ಸಾಯುತ್ತಿದ್ದ. ಕಾಯಿಲೆಯವರನ್ನು ಮಗದಾನ್ ಕಡೆ ಕಳಿಸಿದ್ದರಿಂದ ಉಳಿದ.

ಹಟ್ಟಿ ಸೊಸೆ:

ಯಪ್ಪಾ. ಒಂದು ನಿಂಬೆಹಣ್ಣು ಇದ್ದಿದ್ದರೆ.

ಬೀದರ್ ಸುಬೇದಾರ್:

ಯುದ್ಧದ ಭಾಗ. ಟೀಚರಮ್ಮ ಚೆನ್ನಾಗಿ ಬರೆದಿದ್ದೀರಿ.

ಹೊರಗೆ ಬಂದದ್ದು ಹೇಗೆ ಅಂದರೆ, ಹೆಂಡತಿ ನೀನಾ ಅಲೆಕ್ಸಾಂದ್ರೊವ್ನಾ ಅರ್ಜಿ ಹಿಡಿದು ಅಲೆದರು, ಕಡೆಗೆ ಮಾರ್ಷಲ್ ಬುದ್ಯೋನಿ ಇವರ ಪರ ಮಾತಾಡಿದರು. ಇದೇ ಬುದ್ಯೋನಿ 1937ರಲ್ಲಿ ತುಖಾಚೆವ್‌ಸ್ಕಿಗೆ ಸಾವಿನ ಶಿಕ್ಷೆ ಕೊಟ್ಟ ಕೋರ್ಟಿನಲ್ಲಿ ಜಡ್ಜ್ ಆಗಿ ಕೂತವರು. ಒಬ್ಬನನ್ನು ಕೊಂದ ಕೈ ಇನ್ನೊಬ್ಬನನ್ನು ಎತ್ತಿತು. ಏನು ಹೇಳೋಣ. 1941ರ ಮಾರ್ಚ್ 5ಕ್ಕೆ ಬಿಡುಗಡೆ. ರ‍್ಯಾಂಕು ವಾಪಸು, ಸ್ವಲ್ಪ ದಿನ ಆರೈಕೆ, ಆಮೇಲೆ 25ನೇ ರೈಫಲ್ ಕೋರ್ ಉಪ ಕಮಾಂಡರ್ (ಕೆಲವು ಡಿವಿಜನ್ ಸೇರಿದರೆ ಒಂದು ಕೋರ್). ಜೂನ್ 22ಕ್ಕೆ ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ಅಂದರೆ ಬಿಡುಗಡೆ ಆಗಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಜುಲೈನಲ್ಲಿ ವಿತೆಬ್‌ಸ್ಕ್ ಹತ್ತಿರ ಇವರ ಕೋರ್ ಪುಡಿ ಪುಡಿ ಆಯಿತು. ಸಿಪಾಯಿಗಳು ರಸ್ತೆ ತುಂಬ ಓಡುತ್ತಿದ್ದರು, ಇವರು ಕಾಡಿನಲ್ಲಿ ನಿಂತು ಅವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಸಾಲು ಕಟ್ಟಿಸುತ್ತಿದ್ದರು. ಸೇನೆ ಹೀಗೆ ಓಡಲು ಒಂದು ಕಾರಣ ಅನುಭವ ಇದ್ದ ಕಮಾಂಡರ್‌ಗಳನ್ನೆಲ್ಲ ಮೊದಲೇ ಮುಗಿಸಿಬಿಟ್ಟದ್ದು ಅಂತ ಅವರು ನೇರವಾಗಿ ಬರೆದಿದ್ದಾರೆ. ಯಾರ್ತ್ಸೆವೊ ಹತ್ತಿರ ಕಾಲಿಗೆ ಗುಂಡು ಬಿತ್ತು.

ವಾಸಿ ಆದ ಮೇಲೆ 226ನೇ ಡಿವಿಜನ್, ಹಾರ್ಕೊವ್ ಕಡೆ. ಇಲ್ಲಿಂದ ಅವರ ಪದ್ಧತಿ ಕಾಣುತ್ತದೆ. ಗಟ್ಟಿಯಾಗಿ ಕೂತ ಶತ್ರುವಿನ ಎದುರಿಗೆ ಎದೆ ಕೊಟ್ಟು ನುಗ್ಗು ಅನ್ನೋ ಹುಕುಂ ಅವರಿಗೆ ಆಗುತ್ತಿರಲಿಲ್ಲ. ಚಳಿಗಾಲದ ರಾತ್ರಿ ಸಣ್ಣ ತುಕಡಿ ಕಳಿಸಿ ಹಿಂದಿನಿಂದ ಹೊಡೆದು ಬರುತ್ತಿದ್ದರು. ಮೇಲಿನವರ ಜೊತೆ ಇದಕ್ಕೇ ಜಗಳ. ತಪ್ಪು ಕಂಡರೆ ಮುಖಕ್ಕೇ ಹೇಳುವವರು. ಜೈಲು ಬಾಯಿ ಮುಚ್ಚಿಸಲಿಲ್ಲ.

1943ರ ಜೂನಿನಲ್ಲಿ 3ನೇ ಸೇನೆ ಕೈಗೆ ಬಂತು. ಈಗ ಒರ್ಯೋಲ್. ಇಪ್ಪತ್ತೊಂದನೇ ವಯಸ್ಸಿಗೆ ಸವಾರನಾಗಿ ಕವಾಯತು ಮಾಡಿದ ಊರನ್ನು ಐವತ್ತೆರಡನೇ ವಯಸ್ಸಿನಲ್ಲಿ ಸೇನೆ ತಂದು ಬಿಡಿಸಿದರು, 1943ರ ಆಗಸ್ಟ್ 5. ಅದೇ ದಿನ ಬೆಲ್ಗೊರೊದ್ ಕೂಡ ಬಿಡುಗಡೆ ಆಯ್ತು. ಅವತ್ತು ರಾತ್ರಿ ಮಾಸ್ಕೋದಲ್ಲಿ 120 ತೋಪು 12 ಸುತ್ತು ಹಾರಿದವು. ಆ ಯುದ್ಧದಲ್ಲಿ ಮಾಸ್ಕೋ ಕೊಟ್ಟ ಮೊದಲ ವಿಜಯದ ಸಲಾಮು ಅದು. ತೋಪಖಾನೆಯವನು ನಾನು, ಅದನ್ನು ಓದುವಾಗ ಮೈ ಜುಂ ಅಂದಿತು. ಆದರೆ ಅದಕ್ಕೆ ಎರಡು ದಿನ ಮುಂಚೆ ಇವರ ಕೈಕೆಳಗಿನ ಡಿವಿಜನ್ ಕಮಾಂಡರ್ ಗುರ್ತ್ಯೇವ್, ಸ್ಟಾಲಿನ್‌ಗ್ರಾದಿನಲ್ಲಿ ಕಾದು ಬಂದ ಮನುಷ್ಯ, ಗೊರ್ಬಾತೋವ್ ಸಾಹೇಬರ ಪಕ್ಕದಲ್ಲೇ ಶೆಲ್ ಸಿಡಿದು ಸತ್ತ. ತನ್ನ ಮೈ ಅಡ್ಡ ಕೊಟ್ಟು ಇವರನ್ನು ಉಳಿಸಿದ ಅಂತ ಹೇಳುತ್ತಾರೆ.

1944ರಲ್ಲಿ ರೊಗಚ್ಯೋವ್, ಬೊಬ್ರೂಯ್‌ಸ್ಕ್. ಆಗ ಇವರ ಮೇಲಿನ ಫ್ರಂಟ್ ಕಮಾಂಡರ್ (ಹಲವು ಸೇನೆ ಸೇರಿದರೆ ಒಂದು ಫ್ರಂಟ್) ಯಾರು ಗೊತ್ತಾ? ರೊಕೊಸ್ಸೊವ್‌ಸ್ಕಿ. ಅವರೂ 1937ರಲ್ಲಿ ಒಳಗೆ ಹೋಗಿ 1940ರಲ್ಲಿ ಬಂದವರು. ಒಬ್ಬ ಮಾಜಿ ಕೈದಿ ನಕಾಶೆ ಹಾಸಿ ಇನ್ನೊಬ್ಬ ಮಾಜಿ ಕೈದಿಗೆ ಹುಕುಂ ಕೊಡುತ್ತಾನೆ, ಇಬ್ಬರೂ ಆ ಮಾತು ಎತ್ತಿರಲಿಕ್ಕಿಲ್ಲ. ಆಮೇಲೆ ಪೋಲೆಂಡ್, ಪೂರ್ವ ಪ್ರಷ್ಯಾ, ಬರ್ಲಿನ್. 1945ರ ಏಪ್ರಿಲ್‌ನಲ್ಲಿ "ಸೋವಿಯತ್ ಒಕ್ಕೂಟದ ವೀರ" ಬಿರುದು.

ಬರ್ಲಿನ್ ಕಮಾಂಡೆಂಟ್ ಆದದ್ದು ಆಕಸ್ಮಿಕ. ಮೊದಲು ಇದ್ದ ಬೆರ್ಜಾರಿನ್ 1945ರ ಜೂನ್ 16ಕ್ಕೆ ಮೋಟಾರ್‌ಸೈಕಲ್ ಮೇಲೆ ಹೋಗುವಾಗ ಲಾರಿಗೆ ಡಿಕ್ಕಿ ಹೊಡೆದು ತೀರಿಕೊಂಡರು. ಆ ಜಾಗಕ್ಕೆ ಇವರು. ನಮ್ಮ ಕಡೆಯವರಿಗೆ ಅರ್ಥ ಆಗಬೇಕು ಅಂದರೆ, 1948ರಲ್ಲಿ ನಿಜಾಮರ ರಾಜ್ಯ ಬಿದ್ದ ಮೇಲೆ ಜೆ.ಎನ್. ಚೌಧರಿ ಮಿಲಿಟರಿ ಗವರ್ನರ್ ಆಗಿ ಕೂತರಲ್ಲ, ಸುಮಾರು ಆ ತರದ ಕೆಲಸ. ಯುದ್ಧ ಮಾಡಿದವನೇ ನೀರು, ರೇಷನ್, ಚರಂಡಿ ನೋಡಬೇಕು. ಜುಲೈ 11ಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸಿನವರ ಜೊತೆ ಬರ್ಲಿನ್ ನಡೆಸುವ ಮೊದಲ ಸಭೆ ಆಯಿತು, ಇವರೇ ಮುಂದೆ ಕೂತವರು.

ಆಮೇಲಿನದು ಬೇಗ ಹೇಳುತ್ತೇನೆ. 1950ರಿಂದ 54 ಪ್ಯಾರಾಚೂಟ್ ಪಡೆಯ ಮುಖ್ಯಸ್ಥ (ಕುದುರೆಯಿಂದ ಶುರು ಮಾಡಿ ವಿಮಾನಕ್ಕೆ ಬಂದರು), 54ರಿಂದ 58 ಬಾಲ್ಟಿಕ್ ಮಿಲಿಟರಿ ಜಿಲ್ಲೆ. 1973ರ ಡಿಸೆಂಬರ್ 7ಕ್ಕೆ ಮಾಸ್ಕೋದಲ್ಲಿ ತೀರಿಕೊಂಡರು.

ಇನ್ನೊಂದು ತಮಾಷೆ. ರಷ್ಯನ್ ಭಾಷೆಯಲ್ಲಿ ಗೊರ್ಬಾತಿ ಅಂದರೆ ಗೂನುಬೆನ್ನಿನವನು. ಗೂನನ ಬೆನ್ನು ಗೋರಿಯಲ್ಲೇ ನೆಟ್ಟಗಾಗೋದು ಅಂತ ಅವರಲ್ಲಿ ಒಂದು ಗಾದೆ. ಇವರು ಮತ್ತೆ ಮತ್ತೆ ಎದುರು ಮಾತಾಡುತ್ತಾರೆ ಅಂತ ದೂರು ಹೋದಾಗ ಸ್ಟಾಲಿನ್ ಆ ಗಾದೆ ಹೇಳಿ ನಕ್ಕನಂತೆ. ನಮ್ಮ "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನೋದೇ. ಬಾಯಿಂದ ಬಾಯಿಗೆ ಬಂದ ಕಥೆ ಇದು, ಅಷ್ಟೇ ಬೆಲೆ ಕೊಡ್ರಿ.

ಸುಮ್ನೆ ಓದುವವ:

ಎಲ್ಲರೂ ಹಾರ ಹಾಕುತ್ತಿದ್ದೀರಿ, ನಾನು ಸ್ವಲ್ಪ ಖಾರ ಹಾಕುತ್ತೇನೆ. ಕಲಬುರಗಿಯವನು, ಖಾರ ಇಲ್ಲದೆ ಊಟ ಇಳಿಯಲ್ಲ.

ಒಂದು, ಇವನ ಕಥೆಯಲ್ಲಿ ಜಾಸ್ತಿ ಪಾಲು ಇವನೇ ಬರೆದದ್ದು. ಅದು ಅಚ್ಚಾಗಿದ್ದು 1964ರಲ್ಲಿ, ಸ್ಟಾಲಿನ್‌ನ ಬೈಯುವುದಕ್ಕೆ ಅವನ ಆಮೇಲೆ ಬಂದ ಸೋವಿಯತ್ ನಾಯಕ ಕ್ರುಶ್ಚೇವ್ ಬಾಗಿಲು ತೆರೆದಿದ್ದಾಗ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ರುಶ್ಚೇವ್‌ನನ್ನು ಇಳಿಸಿದರು. ಒಂದು ವರ್ಷ ತಡ ಆಗಿದ್ದರೆ ನಿಮ್ಮ ರೆಜಿಮೆಂಟ್ ಲೈಬ್ರರಿಗೆ ಆ ಪುಸ್ತಕ ಬರುತ್ತಿತ್ತೋ ಇಲ್ಲವೋ.

ಎರಡು, 1945ರಲ್ಲಿ ಕೆಂಪು ಸೇನೆ ಆಗ ಜರ್ಮನಿಯದಾಗಿದ್ದ ಪೂರ್ವ ಪ್ರಷ್ಯಾಕ್ಕೆ ನುಗ್ಗಿದಾಗ ಅಲ್ಲಿನ ಹೆಂಗಸರ ಮೇಲೆ ಏನೇನು ನಡೆಯಿತು ಅಂತ ಇತಿಹಾಸದಲ್ಲಿ ದಾಖಲೆ ಇದೆ. ಅತ್ಯಾಚಾರ, ಲೂಟಿ, ಬೆಂಕಿ. ಇವನ ಸೇನೆಯೂ ಅದೇ ದಾರಿಯಲ್ಲಿ ಹೋದದ್ದು. ಸುಬೇದಾರ್ ಸಾಹೇಬ್ರು "ಪೋಲೆಂಡ್, ಪೂರ್ವ ಪ್ರಷ್ಯಾ, ಬರ್ಲಿನ್" ಅಂತ ಬಸ್ ಕಂಡಕ್ಟರ್ ಊರು ಕೂಗಿದ ಹಾಗೆ ಕೂಗಿ ಮುಂದೆ ಹೋದರು.

ಮೂರು, ಇದು ನನಗೆ ಮುಖ್ಯ. ಸಹಿ ಹಾಕಲಿಲ್ಲ ಸಹಿ ಹಾಕಲಿಲ್ಲ ಅಂತ ಹೇಳುತ್ತಾ ಹೋದರೆ, ಹಾಕಿದವರೆಲ್ಲ ಹೇಡಿಗಳು ಅಂತ ಆಗುತ್ತದೆ. ತುಖಾಚೆವ್‌ಸ್ಕಿ ಹೇಡಿಯಾ? ಮಾರ್ಷಲ್ ಅವನು. ಅವನೂ ಹಾಕಿದ. ಅವನ ತಪ್ಪೊಪ್ಪಿಗೆಯ ಹಾಳೆ ಮೇಲೆ ಇದ್ದ ಕಲೆ ರಕ್ತದ್ದು ಅಂತ ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ಯಾರ ಮೈ ಎಷ್ಟು ತಡೆಯುತ್ತದೆ ಅಂತ ಹೊರಗೆ ಕೂತವರು ಹೇಳೋಕೆ ಆಗಲ್ಲ. ಕೋಣೆಯಲ್ಲಿದ್ದ ಉಳಿದವರ ಹೆಸರು ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ.

ಭೀಮಾ ದಂಡೆ ಟೀಚರ್:

ಮೂರನೇ ಮಾತು ಒಪ್ಪಿದೆ. ನಾನು ಪಾಠ ಮಾಡುವಾಗಲೂ ಇದೇ ಜಾಗದಲ್ಲಿ ತಡವರಿಸುತ್ತೇನೆ, ಮಕ್ಕಳು ಕೈ ಎತ್ತಿ "ಮಿಸ್, ನೀವಾಗಿದ್ದರೆ?" ಅಂತಾರೆ. ಮೊದಲನೇದಕ್ಕೆ ಒಂದು ಸಣ್ಣ ತಿದ್ದುಪಡಿ. ಅವಕಾಶ ಸಿಕ್ಕಿದ್ದು ಕ್ರುಶ್ಚೇವ್‌ನಿಂದ ನಿಜ. ಆದರೆ ಅವನ ಹಾಗೆ ಒಳಗೆ ಹೋಗಿ ಬಂದ ಎಷ್ಟೋ ಅಧಿಕಾರಿಗಳು ಆ ಅವಕಾಶ ಇದ್ದಾಗಲೂ ಆ ವರ್ಷಗಳನ್ನು ಹಾರಿಸಿ ಬರೆದರು. ರೊಕೊಸ್ಸೊವ್‌ಸ್ಕಿಯ ನೆನಪುಗಳಲ್ಲೂ ಜೈಲಿನ ಕಥೆ ಇಲ್ಲ. ಇವನು ಹೊಡೆತ, ಸ್ಟ್ರೆಚರ್, ಬೂಟು ಕಳ್ಳತನ ಎಲ್ಲಾ ಬರೆದ.

ಬೀದರ್ ಸುಬೇದಾರ್:

ಸುಮ್ನೆ ಓದುವವರೇ, ಕಂಡಕ್ಟರ್ ಅಂದದ್ದು ಸರಿ ಇದೆ, ಬೇಜಾರಿಲ್ಲ. ಆ ಭಾಗ ನಾನು ಹಾರಿಸಿದೆ. ಫೌಜಿಯವನಿಗೆ ಫೌಜಿನ ಆ ಮುಖ ಬರೆಯೋದು ಕಷ್ಟ.

ತಮ್ಮಾ, ನಿನ್ನ ಎರಡನೇ ಪ್ರಶ್ನೆ ಉಳಿದಿದೆ. ಹೇಗೆ ವಾಪಸು ಹೋದರು ಅಂತ. ಪುಸ್ತಕದಲ್ಲಿ ಇರುವ ಪ್ರಕಾರ ಅವರು ಕಮ್ಯುನಿಸ್ಟ್ ಪಾರ್ಟಿಯನ್ನು ಬಿಟ್ಟುಕೊಡಲಿಲ್ಲ, ಇದು ಕೆಲವು ಕೆಟ್ಟವರ ಕೆಲಸ ಅಂತಲೇ ನಂಬಿದ್ದರು. ಈಗ ಓದಿದರೆ ಸ್ವಲ್ಪ ಹುಡುಗಾಟ ಅನಿಸುತ್ತದೆ. ನನ್ನ ಅನುಭವದಿಂದ ನಾನು ಹೇಳೋದು ಬೇರೆ. ನಾನು ಸೇವೆಯಲ್ಲಿದ್ದಾಗ ಒಬ್ಬ ಮೇಲಿನವನು ಮಾಡದ ತಪ್ಪಿಗೆ ನನ್ನ ಮೇಲೆ ಕೇಸು ಹಾಕಿಸಿ ಎಂಟು ತಿಂಗಳು ಪ್ರಮೋಷನ್ ತಡೆದಿದ್ದ. ಆ ಎಂಟು ತಿಂಗಳು ನಾನು ಅವನಿಗೆ ಸಲಾಮು ಹೊಡೆದೆ, ತೋಪು ಎಣ್ಣೆ ಹಾಕಿ ಒರೆಸಿದೆ. ಅವನಿಗೋಸ್ಕರ ಅಲ್ಲ. ತೋಪಿನ ಹಿಂದೆ ನನ್ನ ಜೊತೆ ಆರು ಹುಡುಗರು ಇದ್ದರು, ಅವರಲ್ಲಿ ಇಬ್ಬರು ನಮ್ಮ ಹುಮನಾಬಾದಿನವರೇ. ಬಿಟ್ಟು ಎಲ್ಲಿಗೆ ಹೋಗಲಿ. ಎಂಟು ತಿಂಗಳಿಗೂ ಎರಡೂವರೆ ವರ್ಷದ ಜೈಲು, ಕೊಲಿಮಾಕ್ಕೂ ಹೋಲಿಕೆ ಇಲ್ಲ, ಅದು ಗೊತ್ತು. ಆದರೂ ವಿತೆಬ್‌ಸ್ಕ್ ಹತ್ತಿರ ಕಾಡಿನಲ್ಲಿ ಓಡುವ ಹುಡುಗರನ್ನು ನಿಲ್ಲಿಸುವಾಗ ಅವರ ತಲೆಯಲ್ಲಿ ಸ್ಟಾಲಿನ್ ಇದ್ದ ಅಂತ ನನಗೆ ಅನಿಸೋದಿಲ್ಲ.

ಶಹಾಬಾದಿ ಪರಸಿ:

ಎಲ್ಲರಿಗೂ ಕೈ ಮುಗಿದೆ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ವಾಡಿಗೆ ಹೋಗಿದ್ದೆ, ಆಯಿ, ಅಂದರೆ ಮುತ್ಯಾನ ಹೆಂಡತಿ, ಅಲ್ಲಿ ಅತ್ತೆ ಮನೆಯಲ್ಲಿ ಇದ್ದಾಳೆ. ಕಿವಿ ಸ್ವಲ್ಪ ಮಂದ, ಆದರೆ ನೆನಪು ಚೂರಿ ಇದ್ದ ಹಾಗೆ. ಮೊಬೈಲಿನಲ್ಲಿ ಇದೆಲ್ಲ ಜೋರಾಗಿ ಓದಿ ಹೇಳಿದೆ. ಲೆಫೋರ್ತೊವೊ ಭಾಗ ಬಂದಾಗ ತೊಗರಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು.

ನಾನು ಕೇಳಿದೆ, ಮುತ್ಯಾ ಇದನ್ನು ಯಾಕೆ ಬರೆದುಕೊಂಡಿದ್ದ, ಮುತ್ಯಾನಿಗೂ ಯಾರಾದರೂ ದಸ್ಕತ್ತು ಕೇಳಿದ್ದರಾ, ಅವನೂ ಹಾಕಲಿಲ್ಲವಾ ಅಂತ. ನಿಜ ಹೇಳಬೇಕು ಅಂದರೆ ನಾನು ಹೌದು ಅನ್ನೋ ಉತ್ತರ ತಯಾರು ಮಾಡಿಕೊಂಡೇ ಹೋಗಿದ್ದೆ.

ಆಯಿ ಅಂದಳು, "ಹಾಕಿದ್ನಪ್ಪ. ಹಾಕಿದ್ದ."

ಮುತ್ಯಾ ದುಡಿಯುತ್ತಿದ್ದ ಕಡೆ ಒಂದು ದೊಡ್ಡ ಮುಷ್ಕರ ಆಗಿತ್ತಂತೆ. ಎರಡು ತಿಂಗಳ ಹತ್ತಿರ ನಡೆದು ಮುರಿದು ಬಿತ್ತು. ಆಮೇಲೆ ಒಬ್ಬೊಬ್ಬರನ್ನೇ ಆಫೀಸಿನ ಒಳಗೆ ಕರೆದು ಮುಂದೆ ಒಂದು ಕಾಗದ ಇಟ್ಟರಂತೆ. ನಮ್ಮದು ತಪ್ಪಾಯಿತು, ಇಂಥಿಂಥವರ ಮಾತು ಕೇಳಿ ಕೆಟ್ಟೆವು ಅಂತ. ಇಂಥಿಂಥವರು ಅನ್ನೋ ಕಡೆ ಎರಡು ಹೆಸರು ಮೊದಲೇ ಟೈಪ್ ಆಗಿತ್ತು. ಅದರಲ್ಲಿ ಒಬ್ಬ ಮುತ್ಯಾನ ಗೆಳೆಯ, ನಮ್ಮ ಮನೆಯ ಹಿಂದಿನ ಓಣಿಯವನು. ದಸ್ಕತ್ತು ಹಾಕಿದವರಿಗೆ ಕೆಲಸ ವಾಪಸು. ಆ ಇಬ್ಬರಿಗೆ ಸಿಗಲಿಲ್ಲ. ಗೆಳೆಯನ ಮನೆಯವರು ಸಾಮಾನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದರಂತೆ, ಮತ್ತೆ ಬರಲಿಲ್ಲ. ಆಗ ಅಪ್ಪನಿಗೆ ಮೂರು ವರ್ಷ, ಅತ್ತೆ ಹೊಟ್ಟೆಯಲ್ಲಿ.

"ಜೋಳದ ಗುಮ್ಮಿ ಖಾಲಿ ಇತ್ತು. ಹಾಕು ಅಂತ ನಾನೇ ಅಂದಿದ್ದೆ" ಅಂದಳು.

ನಾನು ಸುಮ್ಮನೆ ಕೂತೆ. ಆಯಿ ಮತ್ತೆ ತೊಗರಿ ಮೊರ ಎತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದಳು, ನನಗೆ ಉತ್ತರ ಬರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಟೀಚರಕ್ಕ, ಸುಬೇದಾರ್ ಸಾಹೇಬ್ರೆ, ಪುಸ್ತಕದಲ್ಲಿ ಇದ್ದರೆ ನೋಡಿ ಹೇಳ್ರಿ.

"ಆ ರಷ್ಯಾದವ ದಸ್ಕತ್ತು ಹಾಕಲಿಲ್ಲ ಅಂತಿ. ಅವ ಒಳಗಿದ್ದಾಗ ಅವನ ಹೆಂಡತಿ ಹೊಟ್ಟಿಗಿ ಏನು ಮಾಡಿದ್ಲು?"